ಕೋಲಾರದ ಕೋವಿಡ್ ಲೆಕ್ಕ: ಮನೇಲೇ ಕೂತು ಇಟ್ಕೊಳ್ಳೋದು ಹೇಗೆ?

ಅಲೆ ಬಂದಾಗೆಲ್ಲ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಥರದ ಮೆಸೇಜು ಓಡಾಡುತ್ತೆ, "ಕೋಲಾರ ಇವತ್ತು 60" ಅಂತ. ಅದರ ಕೆಳಗೆ ನಾಲ್ಕು ಜನ ಕೈಮುಗಿಯೋ ಎಮೋಜಿ ಹಾಕ್ತಾರೆ, ಇನ್ನಿಬ್ಬರು ಸಂತೆ ನಿಲ್ಲಿಸ್ಬೇಕು ಅಂತಾರೆ, ಟೊಮ್ಯಾಟೊ ಮಂಡಿಯೋರು ಏನೂ ಆಗಲ್ಲ ಸುಮ್ನಿರ್ರಿ ಅಂತಾರೆ. ಆ 60 ಜಾಸ್ತಿನಾ ಕಮ್ಮಿನಾ ಅಂತ ಮಾತ್ರ ಆ ಒಂದು ನಂಬರ್ ನೋಡಿ ಯಾರಿಗೂ ಹೇಳಕ್ಕಾಗಲ್ಲ. ಎಷ್ಟು ಜನಕ್ಕೆ ಟೆಸ್ಟ್ ಮಾಡಿದ್ರು, ಹೋದ ವಾರ ಎಷ್ಟಿತ್ತು, ಆಕ್ಸಿಜನ್ ಬೆಡ್ ಎಷ್ಟು ಖಾಲಿ ಇದೆ, ಇವೆಲ್ಲ ಪಕ್ಕದಲ್ಲಿ ಇಟ್ಕೊಂಡ್ರೆ ಮಾತ್ರ ಅದಕ್ಕೊಂದು ಅರ್ಥ. ಇದನ್ನ ಮಾಡೋಕೆ ಡಾಕ್ಟರೇ ಆಗ್ಬೇಕು ಅಂತೇನಿಲ್ಲ, ಒಂದು ಉದ್ದದ ನೋಟ್‌ಬುಕ್ಕು, ಮೊಬೈಲ್ ಕ್ಯಾಲ್ಕುಲೇಟರ್ರು, ವಾರಕ್ಕೆ ಅರ್ಧ ಗಂಟೆ ಟೈಮು ಸಾಕು.

ಮೊದಲು ಕಾಲಂ ಹಾಕ್ಕೊಳ್ಳಿ

ತಾರೀಖು, ಹೊಸ ಕೇಸು, ಟೆಸ್ಟು, ಡಿಸ್ಚಾರ್ಜು, ಆಕ್ಟಿವ್ (ಇನ್ನೂ ವಾಸಿ ಆಗದೇ ಇರೋರು), ಸಾವು, ತುಂಬಿರೋ ಆಕ್ಸಿಜನ್ ಬೆಡ್ಡು, ತುಂಬಿರೋ ಐಸಿಯು, ವ್ಯಾಕ್ಸಿನ್ ಡೋಸು. ಇಷ್ಟೇ. "ಇಲ್ಲಿವರೆಗಿನ ಒಟ್ಟು ಕೇಸು" ಅನ್ನೋ ಕಾಲಂ ಬೇಡವೇ ಬೇಡ, ಅದು ಗಾಡಿ ಮೀಟರ್‌ನಲ್ಲಿರೋ ಕಿಲೋಮೀಟರ್ ಥರ, ಏರೋದೇ ಹೊರತು ಇಳಿಯಲ್ಲ, ಈಗ ಯಾವ ಸ್ಪೀಡಲ್ಲಿ ಹೋಗ್ತಿದೀವಿ ಅಂತ ಅದು ಹೇಳಲ್ಲ.

ನಂಬರ್ ಎಲ್ಲಿಂದ ತಗೋಬೇಕು ಅಂದ್ರೆ ಅಲೆ ಟೈಮಲ್ಲಿ ರಾಜ್ಯ ಆರೋಗ್ಯ ಇಲಾಖೆ ಹೊರಡಿಸೋ ಬುಲೆಟಿನ್‌ನಿಂದ. ಅದರಲ್ಲಿ ಜಿಲ್ಲಾವಾರು ಟೇಬಲ್ ಇರುತ್ತೆ, ಕೋಲಾರದ ಸಾಲು ಹುಡುಕಿ ಬರ್ಕೊಳ್ಳೋದು. ತಾಲ್ಲೂಕು ಲೆಕ್ಕ ಬೇಕು ಅಂದ್ರೆ ಜಿಲ್ಲಾಡಳಿತ ಕೊಡೋ ಪ್ರಕಟಣೆ, ಪೇಪರಿನ ಜಿಲ್ಲಾ ಪುಟ ನೋಡ್ಬೇಕು, ಅದೂ ಸಿಗಲಿಲ್ಲ ಅಂದ್ರೆ ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ) ಆಫೀಸಲ್ಲಿ ಕೇಳಬಹುದು. ಟಿವಿ ಕೆಳಗಡೆ ಓಡೋ ಪಟ್ಟಿ ನೋಡಿ ಬರ್ಕೊಳ್ಳಬೇಡಿ, ಒಂದು ಚಾನೆಲ್ ನಿನ್ನೇದು ಹಾಕಿರುತ್ತೆ ಇನ್ನೊಂದು ಇವತ್ತಿಂದು ಹಾಕಿರುತ್ತೆ, ಎರಡೂ ಸರೀನೇ ಇರುತ್ತೆ ಆದ್ರೆ ನಿಮ್ಮ ಬುಕ್ಕು ಕೆಟ್ಟೋಗುತ್ತೆ. ಒಂದೇ ಕಡೆಯಿಂದ ತಗೊಳ್ಳಿ, ಅಲ್ಲಿಂದಾನೇ ಮುಂದುವರಿಸಿ.

ಬರ್ಕೊಂಡಿದ್ದು ಸರಿ ಇದೆಯಾ ಅಂತ ನೋಡೋಕೆ ಸುಲಭದ ದಾರಿ ಒಂದಿದೆ. ನಿನ್ನೆ ಆಕ್ಟಿವ್‌ಗೆ ಇವತ್ತಿನ ಹೊಸ ಕೇಸು ಸೇರಿಸಿ, ಡಿಸ್ಚಾರ್ಜ್ ಮತ್ತೆ ಸಾವು ಕಳೀರಿ, ಇವತ್ತಿನ ಆಕ್ಟಿವ್ ಬರ್ಬೇಕು. ನಿನ್ನೆ 812 ಇತ್ತು, ಇವತ್ತು ಹೊಸಬರು 64, ಮನೆಗೆ ಹೋದೋರು 91, ತೀರಿಕೊಂಡೋರು 2 ಅಂದ್ಕೊಳ್ಳಿ, ಆಗ 783. ಬರಲಿಲ್ಲ ಅಂದ್ರೆ ನೀವು ಪಕ್ಕದ ಸಾಲು ನೋಡಿದೀರ, ಇಲ್ಲಾಂದ್ರೆ ಅವರು ಹಳೇ ಲೆಕ್ಕ ಸರಿ ಮಾಡಿದಾರೆ.

ಇನ್ನು ಡಿಸ್ಚಾರ್ಜ್ ಅಂದ ತಕ್ಷಣ ಆಸ್ಪತ್ರೆಯಿಂದ ಎದ್ದು ಬಂದೋರು ಅಂದ್ಕೋಬೇಡಿ. 2020ರ ಮೇ 8ಕ್ಕೆ ಕೇಂದ್ರ ನಿಯಮ ಬದಲಾಯಿಸ್ತು, ಸಣ್ಣ ಲಕ್ಷಣ ಇರೋರು ಶುರುವಾಗಿ 10 ದಿನ ಆಗಿ ಕೊನೇ 3 ದಿನ ಜ್ವರ ಇಲ್ಲಾಂದ್ರೆ ಇನ್ನೊಂದು ಟೆಸ್ಟ್ ಇಲ್ದೇನೇ ಡಿಸ್ಚಾರ್ಜ್ ಅಂತ. ಅಂದ್ರೆ ಬಂಗಾರಪೇಟೆಲಿ ಮನೆ ಮೇಲಿನ ರೂಮಲ್ಲೇ ಇದ್ದು ದಿನ ಮುಗಿಸಿದೋರೂ ಆ ಲೆಕ್ಕದಲ್ಲಿ ಇರ್ತಾರೆ. ಅದಕ್ಕೇ ಆಕ್ಟಿವ್ ಕಮ್ಮಿ ಆಯ್ತು ಅಂತ ಖುಷಿ ಪಡೋದಕ್ಕೆ ಮುಂಚೆ ಹೊಸ ಕೇಸಿನ ಕಾಲಂ ನೋಡಿ.

ದಿನದ ನಂಬರ್ ಬಿಡಿ, ವಾರದ್ದು ಹಿಡೀರಿ

ಭಾನುವಾರ ಗಂಟಲು ದ್ರವ ತಗೊಳ್ಳೋದು ಕಮ್ಮಿ, ಹಬ್ಬ ಬಂದ್ರೆ ಇನ್ನೂ ಕಮ್ಮಿ, ಹಂಗಾಗಿ ಸೋಮವಾರದ ಹೊತ್ತಿಗೆ ನಂಬರ್ ಇಳಿದಂಗೆ ಕಾಣುತ್ತೆ, ಬುಧವಾರ ಗುರುವಾರಕ್ಕೆ ಮತ್ತೆ ಏರುತ್ತೆ. ಇದನ್ನ ನೋಡಿ ವಾರಕ್ಕೊಂದ್ಸಲ ಸಮಾಧಾನ ಆಗಿ ವಾರಕ್ಕೊಂದ್ಸಲ ಹೆದರ್ಕೊಳ್ಳೋದು ಸುಮ್ನೆ ತಲೆನೋವು. ಸೋಮವಾರದಿಂದ ಭಾನುವಾರದವರೆಗೆ ಏಳೂ ದಿನದ್ದು ಕೂಡಿ, ಒಂದು ಸಾಲು ಬರೀರಿ, ಹೋದ ವಾರದ ಜೊತೆ ಹೋಲಿಸಿ. ಅಷ್ಟೇ.

ಟೆಸ್ಟ್ ಎಷ್ಟು ಅಂತ ಕೇಳದೇ ಕೇಸ್ ಎಷ್ಟು ಅಂತ ಕೇಳಬೇಡಿ

ಇಡೀ ಲೆಕ್ಕದಲ್ಲಿ ಜನ ಎಡವೋದು ಇಲ್ಲೇ. 2020ರಲ್ಲಿ ಕೋಲಾರ ಮೇ ತಿಂಗಳ ಎರಡನೇ ವಾರದವರೆಗೂ ಹಸಿರು ವಲಯ, ಒಂದೂ ಕೇಸ್ ಇಲ್ಲ ಅಂತಿದ್ರು, ಆಮೇಲೆ ಮುಳಬಾಗಿಲು ಕಡೆ ಒಂದೇ ದಿನ ಐದು ಬಂತು. ಸೊನ್ನೆ ಅಂದ್ರೆ ರೋಗ ಇಲ್ಲ ಅಂತಾನೂ ಆಗಬಹುದು, ಇನ್ನೂ ಸಿಕ್ಕಿಲ್ಲ ಅಂತಾನೂ ಆಗಬಹುದು, ಯಾವುದು ಅಂತ ಗೊತ್ತಾಗೋದು ಟೆಸ್ಟ್ ಲೆಕ್ಕ ನೋಡಿದ್ರೇನೇ.

ಪಾಸಿಟಿವಿಟಿ ಅಂತಾರಲ್ಲ, ಅದು ತುಂಬಾ ಸುಲಭ: ಪಾಸಿಟಿವ್ ಬಂದಿದ್ದನ್ನ ಟೆಸ್ಟ್ ಮಾಡಿದ್ದರಿಂದ ಭಾಗಿಸಿ 100ರಿಂದ ಗುಣಿಸೋದು. ಒಂದು ವಾರ 14,000 ಟೆಸ್ಟಲ್ಲಿ 420 ಪಾಸಿಟಿವ್ ಬಂತು ಅಂದ್ಕೊಳ್ಳಿ, ಶೇ 3 ಆಯ್ತು. ಮುಂದಿನ ವಾರ ಟೆಸ್ಟನ್ನ 7,000ಕ್ಕೆ ಇಳಿಸಿದ್ರು, 350 ಬಂತು. ಗ್ರೂಪಲ್ಲಿ "ಕೇಸ್ ಇಳೀತಿದೆ" ಅಂತ ಬರುತ್ತೆ, 420 ಇದ್ದದ್ದು 350 ಆಗಿದೆಯಲ್ಲ. ಆದ್ರೆ ಪಾಸಿಟಿವಿಟಿ ಶೇ 5ಕ್ಕೆ ಏರಿದೆ, ಅಂದ್ರೆ ರೋಗ ಹಬ್ತಾ ಇರಬಹುದು, ನಾವು ಹುಡುಕೋದು ಕಮ್ಮಿ ಮಾಡಿದೀವಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲಿ ಹೇಳಿದ್ದು ಏನಂದ್ರೆ ನಿರ್ಬಂಧ ಸಡಿಲ ಮಾಡೋಕೆ ಮುಂಚೆ ಕನಿಷ್ಠ ಎರಡು ವಾರ ಪಾಸಿಟಿವಿಟಿ ಶೇ 5ರ ಕೆಳಗೆ ಇರ್ಬೇಕು ಅಂತ. ಈ 5 ಅನ್ನೋ ಗೆರೇನ ಬುಕ್ಕಲ್ಲಿ ಕೆಂಪು ಪೆನ್ನಲ್ಲಿ ಹಾಕ್ಕೊಂಡ್ರೆ ಒಳ್ಳೇದು.

ಇದರಲ್ಲೂ ಒಂದು ಕಿತಾಪತಿ ಇದೆ. ರ‍್ಯಾಪಿಡ್ ಆಂಟಿಜೆನ್ ಟೆಸ್ಟು ಅರ್ಧ ಗಂಟೆ ಒಳಗೆ ರಿಸಲ್ಟ್ ಕೊಡುತ್ತೆ ಆದ್ರೆ ರೋಗ ಇದ್ರೂ ಎಷ್ಟೋ ಸಲ ನೆಗೆಟಿವ್ ತೋರಿಸುತ್ತೆ, ಅದಕ್ಕೇ ಲಕ್ಷಣ ಇದ್ದು ರ‍್ಯಾಪಿಡ್ ನೆಗೆಟಿವ್ ಬಂದೋರಿಗೆ ಲ್ಯಾಬಲ್ಲಿ ಮಾಡೋ ಆರ್‌ಟಿ-ಪಿಸಿಆರ್ ಟೆಸ್ಟ್ ಮಾಡ್ಲೇಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿತ್ತು. ಬಸ್ ಸ್ಟ್ಯಾಂಡಲ್ಲಿ ನಿಲ್ಲಿಸಿ ಹೋಗೋ ಬರೋ ಆರೋಗ್ಯವಂತರಿಗೆಲ್ಲ ರ‍್ಯಾಪಿಡ್ ಮಾಡಿದ್ರೆ ಪಾಸಿಟಿವಿಟಿ ಇಳಿಯುತ್ತೆ, ಜ್ವರದ ಕ್ಲಿನಿಕ್‌ಗೆ ಬಂದೋರಿಗೆ ಮಾತ್ರ ಆರ್‌ಟಿ-ಪಿಸಿಆರ್ ಮಾಡಿದ್ರೆ ಏರುತ್ತೆ, ಎರಡೂ ಕಡೆ ರೋಗ ಒಂದೇ ಅಳತೇಲಿದ್ರೂನೂ. ಎರಡು ಟೆಸ್ಟಿನ ಲೆಕ್ಕ ಬೇರೆ ಬೇರೆ ಕೊಟ್ಟಿದ್ರೆ ಬೇರೆ ಬೇರೆನೇ ಬರ್ಕೊಳ್ಳಿ.

ಪಕ್ಕದ ಜಿಲ್ಲೆ ಜೊತೆ ಹೋಲಿಸ್ಬೇಕು ಅಂದ್ರೆ

2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆ ಜನಸಂಖ್ಯೆ ಸುಮಾರು 15.36 ಲಕ್ಷ, ಚಿಕ್ಕಬಳ್ಳಾಪುರ 12.55 ಲಕ್ಷ, ತುಮಕೂರು 26.78 ಲಕ್ಷ. ವಾರಕ್ಕೆ ತುಮಕೂರಲ್ಲಿ 400, ನಮ್ಮಲ್ಲಿ 300 ಅಂದ್ರೆ ನಾವು ಪರವಾಗಿಲ್ಲ ಅನ್ಸುತ್ತೆ, ಆದ್ರೆ ಲಕ್ಷಕ್ಕೆ ಎಷ್ಟು ಅಂತ ಭಾಗಿಸಿ ನೋಡಿದ್ರೆ ತುಮಕೂರಿಗೆ ಸುಮಾರು 15, ನಮಗೆ 19 ದಾಟುತ್ತೆ. ಗಣತಿ ಹಳೇದಾಯ್ತು, ನಿಜ, ಆದ್ರೂ ಮೂರು ಜಿಲ್ಲೆಗೂ ಅದೇ ಹಳೇ ಗಣತಿ ಬಳಸಿದ್ರೆ ಹೋಲಿಕೆಗೆ ಸಾಕಾಗುತ್ತೆ.

ಯಾರ ಲೆಕ್ಕ ಎಲ್ಲಿ ಬೀಳುತ್ತೆ?

ನಮ್ಮದು ಗಡಿ ಜಿಲ್ಲೆ, ಇದನ್ನ ಮರೆತ್ರೆ ಲೆಕ್ಕ ತಪ್ಪುತ್ತೆ. ಕೆಜಿಎಫ್ ಕಡೆಯೋರು ಎಷ್ಟೋ ಜನ ಆಂಧ್ರದ ಕುಪ್ಪಂ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗ್ತಾರೆ, ಮಾಲೂರು ಬಂಗಾರಪೇಟೆಯೋರು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರು ಅಲ್ಲೇ ಟೆಸ್ಟ್ ಮಾಡಿಸ್ತಾರೆ. ಟೆಸ್ಟ್ ಟೈಮಲ್ಲಿ ಯಾವ ಅಡ್ರೆಸ್ ಕೊಟ್ರೋ ಅಲ್ಲಿಗೆ ಕೇಸ್ ಹೋಗುತ್ತೆ, ಪಿಜಿ ಅಡ್ರೆಸ್ ಕೊಟ್ರೆ ಬೆಂಗಳೂರಿಗೆ, ಆಧಾರ್ ಅಡ್ರೆಸ್ ಕೊಟ್ರೆ ಊರಿಗೆ. ಆದ್ದರಿಂದ ಜಿಲ್ಲೆ ನಂಬರ್ ಒಂದನ್ನೇ ನೋಡ್ಬೇಡಿ, ಪಕ್ಕದಲ್ಲಿ ಬೆಂಗಳೂರಿನ ವಾರದ ನಂಬರ್ ಒಂದು ಕಾಲಂ ಇಟ್ಕೊಳ್ಳಿ. ದಿನಾ ಅಷ್ಟು ಜನ ಹೋಗಿ ಬರೋ ಜಿಲ್ಲೆಗೆ ಅಲ್ಲಿ ಏರಿದ್ದು ಬರದೇ ಇರೋದು ಕಷ್ಟ. ಚಿಕ್ಕಬಳ್ಳಾಪುರದಲ್ಲಿರೋರು ಗೌರಿಬಿದನೂರು-ಹಿಂದೂಪುರ ಓಡಾಟ ನೋಡ್ಕೋಬೇಕು, ತುಮಕೂರಿನೋರಿಗೆ ಪಾವಗಡ, ಅದಂತೂ ಬಹುಪಾಲು ಆಂಧ್ರದ ಮಧ್ಯೆನೇ ಕೂತಿದೆ.

ಬೆಡ್ ಲೆಕ್ಕ, ಇದನ್ನ ಸ್ವಲ್ಪ ನಿಧಾನವಾಗಿ ಓದಿ

"ಜಿಲ್ಲೇಲಿ ಇಷ್ಟು ಸಾವಿರ ಬೆಡ್ ರೆಡಿ" ಅನ್ನೋ ಹೇಳಿಕೆ ನಂಬಬೇಡಿ ಅಂತ ಹೇಳ್ತಿಲ್ಲ, ಒಡೆದು ನೋಡಿ ಅಂತ ಹೇಳ್ತಿದೀನಿ. ಹಾಸ್ಟೆಲಲ್ಲಿ ಮಂಚ ಹಾಕಿ ಮಾಡಿದ ಕೇರ್ ಸೆಂಟರಿನ ಬೆಡ್ಡೂ ಬೆಡ್ಡೇ, ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯ ಐಸಿಯು ಬೆಡ್ಡೂ ಬೆಡ್ಡೇ, ಎರಡನ್ನೂ ಕೂಡಿದ್ರೆ ದೊಡ್ಡ ನಂಬರ್ ಬರುತ್ತೆ, ಉಪಯೋಗ ಇಲ್ಲ. ನಾಲ್ಕು ಥರ ಬೇರೆ ಮಾಡಿ: ಸಾಮಾನ್ಯ, ಆಕ್ಸಿಜನ್, ಐಸಿಯು, ವೆಂಟಿಲೇಟರ್ ಇರೋ ಐಸಿಯು. ಮೊದಲನೇದು ಎಷ್ಟಿದ್ರೂ ಅಲೆ ಜೋರಾದಾಗ ಬಿಕ್ಕಟ್ಟು ಬರೋದು ಉಳಿದ ಮೂರರಲ್ಲಿ. ಆಮೇಲೆ ಸರ್ಕಾರಿ ಎಷ್ಟು, ಟಮಕದ ಜಾಲಪ್ಪ ಆಸ್ಪತ್ರೆ ಥರದ ಖಾಸಗಿ ಮೆಡಿಕಲ್ ಕಾಲೇಜಲ್ಲಿ ಎಷ್ಟು ಅಂತಾನೂ ಗೊತ್ತಿರ್ಬೇಕು. 2021ರಲ್ಲಿ ಕೆಜಿಎಫ್‌ನಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಚಿನ್ನದ ಗಣಿ ಕಂಪನಿಯ (ಬಿಜಿಎಂಎಲ್) ಆಸ್ಪತ್ರೇನ ಸ್ವಯಂಸೇವಕರೆಲ್ಲ ಸೇರಿ ಕ್ಲೀನ್ ಮಾಡಿ ಕೋವಿಡ್‌ಗೆ ತೆರೆದ್ರು, ಅಂದ್ರೆ ಬೆಡ್ ಸಂಖ್ಯೆ ಅಲೆ ಮಧ್ಯದಲ್ಲೂ ಬದಲಾಗುತ್ತೆ. ಅದಕ್ಕೇ ಶೇಕಡಾ ಬರೀಬೇಡಿ, "ತುಂಬಿರೋದು ಇಷ್ಟು, ಇರೋದು ಇಷ್ಟು" ಅಂತ ಎರಡೂ ನಂಬರ್ ಬರೀರಿ.

ಮಂಚ ಇದ್ರೆ ಸಾಲದು, ಆಕ್ಸಿಜನ್ ಎಷ್ಟು ಹೊತ್ತು ಬರುತ್ತೆ ಅನ್ನೋ ಲೆಕ್ಕಾನೂ ನಾವೇ ಹಾಕಬಹುದು. ಜಂಬೋ ಸಿಲಿಂಡರ್ ಅಂತಾರಲ್ಲ, ಅದರಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತೆ. ಒಬ್ಬ ಪೇಷೆಂಟ್‌ಗೆ ನಿಮಿಷಕ್ಕೆ 10 ಲೀಟರ್ ಕೊಡ್ತಿದ್ರೆ 700 ನಿಮಿಷ, ಹನ್ನೊಂದೂವರೆ ಗಂಟೆ ಚಿಲ್ಲರೆ. ಅಂಥೋರು 10 ಜನ ಇರೋ ವಾರ್ಡಿಗೆ ದಿನಕ್ಕೆ 20ರ ಮೇಲೆ ಸಿಲಿಂಡರ್ ಬೇಕು, ಹೈ ಫ್ಲೋ ಮೆಷಿನ್ ಹಾಕಿದ್ರೆ ಖರ್ಚು ಇನ್ನೂ ಎಷ್ಟೋ ಪಟ್ಟು. ದೊಡ್ಡಾಸ್ಪತ್ರೆಗಳಲ್ಲಿ ದ್ರವ ಆಕ್ಸಿಜನ್ ಟ್ಯಾಂಕ್ ಇರುತ್ತೆ, ಒಂದು ಲೀಟರ್ ದ್ರವ ಅಂದ್ರೆ ಸುಮಾರು 860 ಲೀಟರ್ ಗ್ಯಾಸು. ಗಾಳಿಯಿಂದಾನೇ ಆಕ್ಸಿಜನ್ ಮಾಡೋ ಪಿಎಸ್‌ಎ ಪ್ಲಾಂಟ್ ಇದ್ರೆ ಅದರ ಮೇಲೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರೆದಿರ್ತಾರೆ, 1,000 ಅಂತಿದ್ರೆ ನಿಮಿಷಕ್ಕೆ 10 ಲೀಟರ್ ಬೇಕಾದೋರು 100 ಜನಕ್ಕೆ ಆಗುತ್ತೆ, ಅದೂ ಕರೆಂಟ್ ಇದ್ರೆ, ಮೆಷಿನ್ ಸರ್ವೀಸ್ ಆಗಿದ್ರೆ. ಅಲೆ ಇಲ್ದಿರೋ ಟೈಮಲ್ಲಿ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯೋರನ್ನ ಯಾರಾದ್ರೂ ಕೇಳ್ಬೇಕಾದ ಪ್ರಶ್ನೆ ಇದೇ, ಪ್ಲಾಂಟ್ ಕೊನೇ ಸಲ ಯಾವಾಗ ಓಡಿಸಿ ನೋಡಿದ್ರಿ ಅಂತ. ವೆಂಟಿಲೇಟರೂ ಅಷ್ಟೆ, ಬಾಕ್ಸ್ ಎಣಿಸಿದ್ರೆ ಆಗಲ್ಲ, ರಾತ್ರಿ ಪಾಳಿಗೆ ಅದನ್ನ ನಡೆಸೋ ಡಾಕ್ಟರು, ನರ್ಸು ಇದಾರಾ ಅನ್ನೋದು ಮುಖ್ಯ.

ಸಾವಿನ ಕಾಲಂ

ಇದು ಕೇಸಿನ ಹಿಂದೆ ತಡವಾಗಿ ಬರೋ ಲೆಕ್ಕ. ದೇಶದಲ್ಲಿ ದಿನದ ಕೇಸು ತುದಿ ಮುಟ್ಟಿದ್ದು 2021ರ ಮೇ 7ರ ವರದೀಲಿ, 4,14,188. ಆ ಅಲೆಯಲ್ಲಿ ದಿನದ ಸಾವು ತುದಿ ಮುಟ್ಟಿ 4,529 ಅಂತ ವರದಿ ಆಗಿದ್ದು ಮೇ 19ಕ್ಕೆ. ಹೆಚ್ಚು ಕಮ್ಮಿ ಎರಡು ವಾರ. ಜೂನ್ 10ಕ್ಕೆ ಇದ್ದಕ್ಕಿದ್ದಂಗೆ 6,148 ಅಂತ ಬಂತಲ್ಲ, ಅವೆಲ್ಲ ಒಂದೇ ದಿನ ಆದ ಸಾವಲ್ಲ, ಬಿಹಾರದೋರು ಹಳೇದನ್ನೆಲ್ಲ ಪರಿಶೀಲಿಸಿ ಒಟ್ಟಿಗೆ ಸೇರಿಸಿದ್ದು. ನಮ್ಮ ಜಿಲ್ಲೆ ಸಾಲಲ್ಲೂ ಹಂಗೆ ಜಿಗಿದ್ರೆ ಮೊದಲು ಸಾವಿನ ತಾರೀಖು ನೋಡಿ, ವರದಿ ತಾರೀಖು ಬೇರೆ ಇರುತ್ತೆ.

ವ್ಯಾಕ್ಸಿನ್

ವ್ಯಾಕ್ಸಿನ್ 2021ರ ಜನವರಿ 16ಕ್ಕೆ ಆರೋಗ್ಯ ಸಿಬ್ಬಂದಿಯಿಂದ ಶುರುವಾಯ್ತು, ಮಾರ್ಚ್ 1ಕ್ಕೆ 60 ದಾಟಿದೋರು, ಏಪ್ರಿಲ್ 1ಕ್ಕೆ 45 ದಾಟಿದ ಎಲ್ರೂ, ಮೇ 1ಕ್ಕೆ 18 ದಾಟಿದೋರು. ಇಲ್ಲಿ ಮೂರು ವಿಷಯ ನೋಡ್ಕೊಳ್ಳಿ. ಡೋಸು ಬೇರೆ, ಜನ ಬೇರೆ: ಒಂದು ಲಕ್ಷ ಡೋಸ್ ಅಂದ್ರೆ ಒಂದು ಲಕ್ಷ ಜನ ಅಲ್ಲ, ಮೊದಲ ಡೋಸು ಎರಡನೇ ಡೋಸು ಬೇರೆ ಕಾಲಂ ಮಾಡಿ. ಎರಡನೇದು, ಶೇಕಡಾ ಯಾರಲ್ಲಿ ಅಂತ ಕೇಳಿ, ಇಡೀ ಜನಸಂಖ್ಯೆನಾ ಇಲ್ಲ 18 ದಾಟಿದೋರಲ್ಲಾ, ಅದರ ಮೇಲೆ ನಂಬರ್ ತುಂಬಾ ಬದಲಾಗುತ್ತೆ. ಮೂರನೇದು ನಮ್ಮ ಕಡೆಗೇ ಸೇರಿದ್ದು: 2021ರ ಮೇನಲ್ಲಿ ಬೆಂಗಳೂರಲ್ಲಿ ಸ್ಲಾಟ್ ಸಿಗದ ಹುಡುಗರು ಕೋವಿನ್ ಅನ್ನೋ ಬುಕಿಂಗ್ ಪೋರ್ಟಲ್‌ನಲ್ಲಿ ಹುಡುಕಿ ಸುತ್ತಲಿನ ಜಿಲ್ಲೆಗಳ ಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕಾರಲ್ಲಿ ಬಂದು ಹಾಕಿಸ್ಕೊಂಡು ಹೋದ್ರು, ಊರಿನೋರು ಫೋನಲ್ಲಿ ಓಟಿಪಿ ಒತ್ತೋ ಹೊತ್ತಿಗೆ ಖಾಲಿ. ಆ ಡೋಸೆಲ್ಲ ಹಾಕಿದ ಕೇಂದ್ರದ ಲೆಕ್ಕಕ್ಕೇ ಹೋಗುತ್ತೆ. ಹಂಗಾಗಿ ಒಂದು ಹೋಬಳೀಲಿ ನಿಜವಾಗಿ ಯಾರಿಗೆ ಆಗಿಲ್ಲ ಅಂತ ತಿಳ್ಕೋಬೇಕಾದ್ರೆ ಪೋರ್ಟಲ್‌ಗಿಂತ ಆಶಾ ಅಕ್ಕನ ರಿಜಿಸ್ಟರ್ರೇ ವಾಸಿ, ಮನೆಮನೆ ಹೆಸರು ಅವರ ಹತ್ರ ಇರುತ್ತೆ.

ಎಲ್ಲಾ ಸೇರಿಸಿ ಓದೋದು

ಕ್ರಮ ಗೊತ್ತಿದ್ರೆ ಸಾಕು. ಮೊದಲು ಪಾಸಿಟಿವಿಟಿ ಏರುತ್ತೆ, ಅದರ ಜೊತೆ ಇಲ್ಲಾ ಹಿಂದೇನೇ ಕೇಸು, ಒಂದು ವಾರ ಹತ್ತು ದಿನ ಬಿಟ್ಟು ಆಕ್ಸಿಜನ್ ಬೆಡ್ಡು, ಆಮೇಲೆ ಐಸಿಯು, ಕೊನೇಗೆ ಸಾವು. ಎರಡು ವಾರ ಸತತವಾಗಿ ಪಾಸಿಟಿವಿಟಿನೂ ಏರಿ ಆಕ್ಸಿಜನ್ ಬೆಡ್ಡೂ ತುಂಬ್ತಾ ಇದ್ರೆ ಮನೇಲಿ ವಯಸ್ಸಾದೋರು, ಶುಗರ್ ಇರೋರು ಮದುವೆ ಛತ್ರದ ಕಡೆ ಹೋಗೋದು ನಿಲ್ಲಿಸೋದು ಒಳ್ಳೇದು. ಕೇಸ್ ಏರಿ ಬೆಡ್ ಏರಲೇ ಇಲ್ಲ ಅಂದ್ರೆ ಮಾಸ್ಕ್ ಹಾಕ್ಕೊಂಡು ಕೆಲಸ ನೋಡಿ.

ಈಗ ಅಲೆ ಇಲ್ವಲ್ಲ, ಬುಕ್ ಯಾಕೆ ಅಂದ್ರೆ, ಡೆಂಗಿ ಮೇಲೆ ಅಭ್ಯಾಸ ಮಾಡಿ. ಕರ್ನಾಟಕ 2024ರ ಸೆಪ್ಟೆಂಬರಲ್ಲಿ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸ್ತು. ಅಲ್ಲೂ ಟೆಸ್ಟ್ ಕಾಲಂ ಮುಖ್ಯ: ಖಾಸಗಿ ಲ್ಯಾಬಲ್ಲಿ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದಿದ್ದು ಸರ್ಕಾರಿ ಲೆಕ್ಕದಲ್ಲಿ ಖಚಿತ ಕೇಸ್ ಆಗಲ್ಲ, ಎಲೈಸಾ ಅನ್ನೋ ಲ್ಯಾಬ್ ರಕ್ತಪರೀಕ್ಷೆ ಆಗ್ಬೇಕು, ಜ್ವರ ಬಂದ ಮೊದಲ ಐದು ದಿನ ವೈರಸ್ಸಿನ ಗುರುತು ಹುಡುಕೋ ಎನ್‌ಎಸ್1, ಆಮೇಲೆ ದೇಹ ತಯಾರಿಸಿದ ಪ್ರತಿಕಾಯ ಹುಡುಕೋ ಐಜಿಎಂ. ಹಂಗಾಗಿ ನಿಮ್ಮ ಬೀದೀಲಿ ಆರು ಜನಕ್ಕೆ ಡೆಂಗಿ, ಪಟ್ಟೀಲಿ ನಿಮ್ಮ ವಾರ್ಡ್ ಸೊನ್ನೆ ಅಂತ ಇದ್ರೆ ಜಗಳಕ್ಕೆ ಹೋಗೋಕೆ ಮುಂಚೆ ಆ ಆರು ಜನ ಯಾವ ಟೆಸ್ಟ್ ಮಾಡಿಸಿದ್ರು ಅಂತ ವಿಚಾರಿಸಿ, ಎಲೈಸಾ ಆಗಿಲ್ಲ ಅಂದ್ರೆ ಪಿಎಚ್‌ಸಿಲಿ ರಕ್ತ ಕೊಡಿಸಿ.