ಎಂಜಿಬಿ ಬಾನೆಟ್‌ಗೆ ಗ್ಯಾಸ್ ಸ್ಟ್ರಟ್: ಮೊದಲು ತೂಕ, ಆಮೇಲೆ ಡ್ರಿಲ್

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಬಾನೆಟ್‌ಗೆ ಕೀಲು ಗಾಜಿನ ಕಡೆ, ಚಿಲಕ ಮುಂದೆ. ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸರಳನ್ನು ಸಿಕ್ಕಿಸುವ ಹಳೇ ಪದ್ಧತಿ ಕೆಟ್ಟದ್ದೇನಲ್ಲ, ಆದರೆ ಗಾಳಿಗೆ ಸರಳು ಜಾರಿದರೆ ತಲೆಗೆ ಪೆಟ್ಟು. ಅದಕ್ಕೇ ಒಂದು ಗ್ಯಾಸ್ ಸ್ಟ್ರಟ್, ಅಂದರೆ ಒಳಗಿನ ಅನಿಲದ ಒತ್ತಡದಿಂದ ಬಾನೆಟ್ಟನ್ನು ಎತ್ತಿ ಹಿಡಿಯುವ ಕೊಳವೆ, ಕೂರಿಸಿದೆ. ಮೂಲ ಸರಳನ್ನು ಮಾತ್ರ ಬಿಚ್ಚಿಲ್ಲ.

ಅಂಗಡಿಗೆ ಹೋಗುವ ಮೊದಲು ಬಾನೆಟ್‌ನ ಭಾರ ಗೊತ್ತಿರಬೇಕು. ಶುರುವಿನ ವರ್ಷಗಳ ಎಂಜಿಬಿಗೆ ಅಲ್ಯೂಮಿನಿಯಂ ಬಾನೆಟ್, ನಂತರದವಕ್ಕೆ ಉಕ್ಕಿನದು. ಬಾನೆಟ್ ಬದಲಾಗಿರಬಹುದಾದ್ದರಿಂದ ತಯಾರಿಕೆಯ ವರ್ಷವನ್ನು ನಂಬದೆ ಅಯಸ್ಕಾಂತ ಅಂಟಿಸಿ ನೋಡಿ. ಬಳಿಕ ಲಗೇಜ್ ತೂಗುವ ಸ್ಕೇಲನ್ನು ಮುಂದಿನ ಅಂಚಿಗೆ ಸಿಕ್ಕಿಸಿ, ಬಾನೆಟ್ ಚಿಲಕದಿಂದ ಬಿಟ್ಟು ತುಸುವೇ ಮೇಲೇಳುವ ಹಾಗೆ ಎತ್ತಿ. ಸ್ಕೇಲ್ 8 ಕೆಜಿ ತೋರಿಸಿತು ಎನ್ನಿ, ಅಂದರೆ 78 ನ್ಯೂಟನ್. ಕೀಲಿನಿಂದ ಅಂಚಿಗೆ 1.05 ಮೀಟರ್ ಇದ್ದರೆ ತಿರುಗುಬಲ, ಅಂದರೆ ಬಾನೆಟ್‌ನ ಭಾರ ಕೀಲಿನ ಸುತ್ತ ಕೆಳಕ್ಕೆ ತಿರುಗಿಸುವ ಬಲ, ಸುಮಾರು 82 ನ್ಯೂಟನ್ ಮೀಟರ್. 50 ಡಿಗ್ರಿ ತೆರೆದಾಗ ಅದು 53ಕ್ಕೆ ಇಳಿಯುತ್ತದೆ. ಸ್ಟ್ರಟ್ ಹೊರಬೇಕಾದ್ದು ಈ 53ನ್ನು.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಸೀಟಿನಲ್ಲಿ ಕೂತು ನೋಡಿದರೆ ಎಡಗಡೆ ಕಾರ್ಬ್ಯುರೇಟರ್, ಅದರ ಕೆಳಗೇ ಎಕ್ಸಾಸ್ಟ್. ಆ ಬಿಸಿಗೆ ಸ್ಟ್ರಟ್‌ನ ಅನಿಲ ಹೊರಬಾರದಂತೆ ತಡೆಯುವ ಸೀಲ್ ಬೇಗ ಹೋಗುತ್ತದೆ. ಬಲಗಡೆಯೇ ಸರಿ. ಬಾನೆಟ್ ಕಡೆಯ ತುದಿ ಕೀಲಿನಿಂದ 350 ಮಿಮೀ, ಒಳ ಫೆಂಡರ್ ಕಡೆಯದು 650 ಮಿಮೀ ಮುಂದೆ, 100 ಮಿಮೀ ಕೆಳಗೆ. ಆಗ ಎರಡು ತುದಿಗಳ ಅಂತರ ಮುಚ್ಚಿದಾಗ 316, ತೆರೆದಾಗ 562 ಮಿಮೀ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಒಂದು ಪಿನ್ ಚುಚ್ಚಿ, ತಿರುಗಿಸಿ ನೋಡಿ. ತೆರೆದ ಅಂತರ ಮುಚ್ಚಿದ್ದರ ಎರಡರಷ್ಟು ಮೀರಿದರೆ ಅಂಥ ಸ್ಟ್ರಟ್ ಸಿಗುವುದೇ ಇಲ್ಲ, ಏಕೆಂದರೆ ಒಳ ಸರಳು ಕೊಳವೆಯೊಳಗೇ ಹಿಡಿಸಬೇಕಲ್ಲ. ಮುಚ್ಚಿದಾಗ ಸರಳು ಒಳಸರಿಯಲು ಇನ್ನೂ 5ರಿಂದ 10 ಮಿಮೀ ಉಳಿದಿರಲಿ. ತಳ ಮುಟ್ಟಿದ ಸ್ಟ್ರಟ್ ತಗಡನ್ನೇ ಬಗ್ಗಿಸುತ್ತದೆ.

ಈ ಜಾಗದಲ್ಲಿ ತೆರೆದಾಗ ಸ್ಟ್ರಟ್‌ಗೆ ಸಿಗುವ ಸನ್ನೆಯ ಉದ್ದ, ಅಂದರೆ ಕೀಲಿನಿಂದ ಸ್ಟ್ರಟ್‌ನ ಗೆರೆಗೆ ಇರುವ ಲಂಬ ಅಂತರ, 350 ಮಿಮೀ. 53ನ್ನು 0.35ರಿಂದ ಭಾಗಿಸಿದರೆ 151 ನ್ಯೂಟನ್. ಸ್ಟ್ರಟ್‌ನೊಳಗೆ ನೈಟ್ರೋಜನ್ ಇರುವುದರಿಂದ ಉಷ್ಣಾಂಶ 10 ಡಿಗ್ರಿ ಇಳಿದರೆ ಬಲ 3ರಿಂದ 4 ಶೇಕಡಾ ಕುಸಿಯುತ್ತದೆ. ಇಂಗ್ಲೆಂಡಿನ ಚಳಿಗೆ ಸೇರಿಸಿ 20 ಶೇಕಡಾ ಹೆಚ್ಚು ಹಿಡಿದರೆ 180 ಆಯಿತು, 200 ನ್ಯೂಟನ್‌ನದು ಕೊಳ್ಳಿ. ಅಲ್ಯೂಮಿನಿಯಂ ಆಗಿದ್ದು ಸ್ಕೇಲ್ 4 ಕೆಜಿ ತೋರಿದರೆ 100 ಸಾಕು.

ಜನ ಎಡವುವುದು ಇಲ್ಲೇ. ಗಟ್ಟಿ ಇದ್ದಷ್ಟೂ ಒಳ್ಳೆಯದೆಂದು 400ರದ್ದು ತರುತ್ತಾರೆ. ಮುಚ್ಚಿದಾಗ ಸನ್ನೆಯ ಉದ್ದ 111 ಮಿಮೀಗೆ ಇಳಿದರೂ ಅದು 44 ನ್ಯೂಟನ್ ಮೀಟರ್‌ನಷ್ಟು ಮೇಲಕ್ಕೆ ತಳ್ಳುತ್ತಿರುತ್ತದೆ. ಹಗುರ ಬಾನೆಟ್‌ಗೆ ಇದು ಅದರ ಭಾರಕ್ಕಿಂತ ಹೆಚ್ಚು. ಇಡೀ ಹೊರೆ ಚಿಲಕದ ಮೇಲೆ. ಉಕ್ಕಿನದಾದರೆ ನಿಧಾನವಾಗಿ ಬಲಮಗ್ಗುಲು ಉಬ್ಬಿ, ಗಾಜಿನ ಬಳಿಯ ಮೂಲೆ ಮೇಲೆದ್ದು ಕಾಣುತ್ತದೆ. ಸ್ಟ್ರಟ್ ಬಾನೆಟ್ಟನ್ನು ಹಿಂದಕ್ಕೂ ನೂಕುವುದರಿಂದ ಕೀಲಿನ ಬೋಲ್ಟ್‌ಗಳ ಸುತ್ತ ಪೆನ್ಸಿಲ್ ಗುರುತು ಹಾಕಿ, ಬಿಗಿ ಮಾಡಿಕೊಂಡೇ ಮುಂದಿನ ಕೆಲಸ.

ಡ್ರಿಲ್ ಮಾಡುವಾಗ ಬಾನೆಟ್ಟನ್ನು ಮೂಲ ಸರಳಿನ ಜೊತೆಗೆ ಮರದ ತುಂಡಿನ ಮೇಲೂ ನಿಲ್ಲಿಸಿ. ತೂತು ಒಳ ಚೌಕಟ್ಟಿಗೆ ಮಾತ್ರ. ಬಿಟ್ ಮೇಲೆ ಮರದ ತೋಳು ತೊಡಿಸಿ, ತುದಿ 5 ಮಿಮೀ ಅಷ್ಟೇ ಹೊರಗಿರಲಿ. ಟೇಪ್ ಸುತ್ತಿದರೆ ಸಾಲದು, ಟೇಪ್ ಜಾರುತ್ತದೆ, ಬಿಟ್ ಮೇಲಿನ ಬಣ್ಣ ಸೀಳಿಕೊಂಡು ಬರುತ್ತದೆ. ಚೌಕಟ್ಟಿಗೆ ಪ್ಲೇಟ್ ಬ್ರಾಕೆಟ್ ಇಟ್ಟು ಎರಡು ರಿವ್‌ನಟ್ (ತೂತಿನೊಳಗೇ ಹಿಡಿದು ಕೂರುವ ನಟ್). ಒಳ ಫೆಂಡರ್ ತಗಡು ತೆಳು, ಹಿಂದೆ 3 ಮಿಮೀ ಉಕ್ಕಿನ ಪಟ್ಟಿ ಇಲ್ಲದೆ ಬಾಲ್ ಸ್ಟಡ್ (ಸ್ಟ್ರಟ್‌ನ ತುದಿ ಸಿಕ್ಕಿಕೊಳ್ಳುವ ಗುಂಡುತಲೆಯ ಬೋಲ್ಟ್) ಕೂರಿಸಬೇಡಿ, ತೂತು ಅಂಡಾಕಾರಕ್ಕೆ ತಿರುಗುತ್ತದೆ. ಕೊರೆದ ಅಂಚಿಗೆ ಝಿಂಕ್ ಪ್ರೈಮರ್. ಬಾನೆಟ್ ಅಲ್ಯೂಮಿನಿಯಂ ಆದರೆ ಉಕ್ಕಿನ ಬ್ರಾಕೆಟ್ ನಡುವೆ ತೆಳು ನೈಲಾನ್ ಹಾಳೆ ಬೇಕು, ಇಲ್ಲವಾದರೆ ತೇವಕ್ಕೆ ಬಿಳಿಪುಡಿ ಕಟ್ಟುತ್ತದೆ.

ಬಾಲ್ ಸ್ಟಡ್‌ಗಳು ಸಾಮಾನ್ಯವಾಗಿ ಮಿಲಿಮೀಟರ್ ಅಳತೆಯ ಎಂ8. ಕಾರಿನ ಬೋಲ್ಟ್‌ಗಳು ಇಂಚಿನ ಅಳತೆಯ 5/16 ಯುಎನ್‌ಎಫ್. ಮೊದಲನೆಯದು 8 ಮಿಮೀ, ಎರಡನೆಯದು 7.94, ಕಣ್ಣಿಗೆ ಒಂದೇ, ನಟ್ ಒಂದು ಸುತ್ತು ಹತ್ತುತ್ತದೆ ಕೂಡ. ಆದರೆ ಹಲ್ಲಿನ ಅಂತರ ಒಂದರದ್ದು 1.25, ಇನ್ನೊಂದರದ್ದು 1.06 ಮಿಮೀ. ಸ್ಪ್ಯಾನರ್‌ನಿಂದ ಒತ್ತಾಯ ಮಾಡಿದಿರೋ, ಎರಡೂ ಹಾಳು. ಹೊಸ ನಟ್‌ಗಳನ್ನು ಬೇರೆ ಡಬ್ಬಿಯಲ್ಲಿಡಿ.

ಸ್ಟ್ರಟ್‌ನ ದಪ್ಪ ಕೊಳವೆ ಮೇಲೆ, ತೆಳು ಸರಳು ಕೆಳಗೆ. ಒಳಗಿನ ಎಣ್ಣೆ ಸೀಲ್ ಮೇಲೆ ನಿಲ್ಲುವುದು ಹಾಗಿದ್ದಾಗ ಮಾತ್ರ. ಮೊದಲ ಸಲ ಚಿಲಕ ಬೀಳುವಷ್ಟು ಮುಚ್ಚಬೇಡಿ. ಒಂದು ಅಡಿ ಉಳಿಸಿ, ಟಾರ್ಚ್ ಹಿಡಿದು ಬಗ್ಗಿ, ಕೊಳವೆ ಯಾವ ವೈರ್‌ಗೂ ಪೈಪಿಗೂ ತಾಗುತ್ತಿಲ್ಲವೇ ನೋಡಿ. ಒಂದು ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಎರಡೂ ಮಗ್ಗುಲ ಸಂದು ಅಳೆಯಿರಿ. ಬಲಕ್ಕೆ 1 ಮಿಮೀ ಹೆಚ್ಚಾಗಿದ್ದರೂ ಸ್ಟ್ರಟ್ ಜೋರಾಯಿತು ಎಂದೇ ಅರ್ಥ, ಒಂದು ಮೆಟ್ಟಿಲು ಕಡಿಮೆಯದು ಹಾಕಿ. ಬಾನೆಟ್ ಕೆಳಗೆ ಬಹಳ ಹೊತ್ತು ಕೈಯಿಟ್ಟು ಕೆಲಸ ಮಾಡುವ ದಿನ ಮೂಲ ಸರಳನ್ನೂ ಸಿಕ್ಕಿಸಿ.