ಗಂಡಾಳು ಕೂಲಿ, ಹೆಣ್ಣಾಳು ಕೂಲಿ: ಮಾಲೀಕರು ಸಂಬಳದ ಪಟ್ಟಿ ಸರಿಪಡಿಸುವ ಬಗೆ

ಮಂಡ್ಯದ ಆಲೆಮನೆಯಾಗಲಿ, ಮೈಸೂರಿನ ಅಗರಬತ್ತಿ ಘಟಕವಾಗಲಿ, ಕೆಲಸ ಒಂದೇ ಆಗಿದ್ದರೆ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಅನ್ನುವುದು ಕಾನೂನುಬಾಹಿರ. ಇದು ಹೊಸ ಮಾತೇನಲ್ಲ, 1976ರ ಸಮಾನ ಸಂಭಾವನೆ ಕಾಯ್ದೆಯೂ ಇದನ್ನೇ ಹೇಳಿತ್ತು. ಈಗ ಅದರ ಜಾಗದಲ್ಲಿರುವುದು 2019ರ ವೇತನ ಸಂಹಿತೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಮೊದಲು ಮಸ್ಟರ್ ರೋಲ್ (ಹಾಜರಾತಿ ಪುಸ್ತಕ) ಮತ್ತು ಸಂಬಳದ ಪಟ್ಟಿ ಎದುರಿಗಿಟ್ಟುಕೊಂಡು ಹುದ್ದೆಯ ಕಾಲಂ ಮುಚ್ಚಿಬಿಡಿ. ತಾರತಮ್ಯ ಅಡಗಿ ಕೂರುವುದು ಹೆಚ್ಚಾಗಿ ಅಲ್ಲೇ. ಗಾರ್ಮೆಂಟ್ಸ್‌ನಲ್ಲಿ ಒಂದೇ ಟೇಬಲ್ಲಿನಲ್ಲಿ ಒಂದೇ ಡಬ್ಬ ತುಂಬುವ ಗಂಡಸು 'ಪ್ಯಾಕರ್', ಹೆಂಗಸು 'ಹೆಲ್ಪರ್' ಎಂದು ದಾಖಲಾಗಿರಬಹುದು. ಪ್ರತಿ ಹೆಸರಿನ ಮುಂದೆ ಆ ವ್ಯಕ್ತಿ ನಿಜವಾಗಿ ಮಾಡುವ ಕೆಲಸ ಬರೆದು, ಅದಕ್ಕೆ ಬೇಕಾದ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ನಾಲ್ಕನ್ನೂ ಹೋಲಿಸಿ. ಕೆಲಸದ ಪರಿಸ್ಥಿತಿಯೂ ಒಂದೇ ತೆರನಾಗಿದ್ದರೆ ಸಂಬಳವೂ ಒಂದೇ ಇರಬೇಕು.

ಇಲ್ಲಿ ಬರುವ ಮಾಮೂಲಿ ವಾದ: "ಅವನು ಮೂಟೆ ಎತ್ತುತ್ತಾನೆ." ದಿನವಿಡೀ ಎತ್ತುವ ಹಮಾಲಿಯಾದರೆ ಸರಿ, ಅದು ಬೇರೆ ಕೆಲಸ. ವಾರಕ್ಕೊಮ್ಮೆ ಲಾರಿ ಬಂದಾಗ ಕೈಜೋಡಿಸುವುದಾದರೆ ಆ ವಾದ ನಿಲ್ಲುವುದು ಕಷ್ಟ. ಪ್ರಾಯೋಗಿಕವಾಗಿ ಮಹತ್ವವಿಲ್ಲದ ವ್ಯತ್ಯಾಸವನ್ನು ಸಂಹಿತೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಅಷ್ಟು ಕೊಡಲು ನಮ್ಮ ಕೈಲಾಗದು" ಅನ್ನುವುದೂ ನಡೆಯದು. ಮೆಕಿನನ್ ಮೆಕೆಂಝಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರ್‌ಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಅದನ್ನು ತಳ್ಳಿಹಾಕಿದೆ.

ಮೂಲ ವೇತನ ಸಮ ಇದ್ದ ಮಾತ್ರಕ್ಕೆ ಪಟ್ಟಿ ಮಡಚಬೇಡಿ. ಸಮಾನತೆಯ ಲೆಕ್ಕಕ್ಕೆ ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓಟಿ ಹಣ ಎಲ್ಲವೂ ಸೇರುತ್ತವೆ. ಉದಾಹರಣೆಗೆ, ಒಂದೇ ಕೆಲಸದ ಇಬ್ಬರಲ್ಲಿ ಗಂಡಸಿಗೆ ಮಾತ್ರ 1,500 ರೂಪಾಯಿ ಓಡಾಟದ ಭತ್ಯೆ ಕೊಟ್ಟಿದ್ದರೆ ಅದೇ ತಾರತಮ್ಯ. ಪೀಸ್ ರೇಟಾದರೆ ಸಾವಿರ ಬತ್ತಿಗೆ ದರ ಒಂದೇ ಇರಬೇಕು. ಹೊಸೆದ ಬತ್ತಿ ಹೆಚ್ಚು ಕಡಿಮೆಯಾಗಿ ಗಳಿಕೆ ಬೇರೆಯಾದರೆ ತೊಂದರೆಯಿಲ್ಲ.

ವ್ಯತ್ಯಾಸ ಸಿಕ್ಕರೆ ಕಡಿಮೆ ಇರುವವರದ್ದನ್ನು ಏರಿಸಬೇಕು. ಗಂಡಸರದ್ದನ್ನು ಇಳಿಸಿ ಸಮ ಮಾಡುವ ಜಾಣತನವನ್ನು ಸಂಹಿತೆಯ 3ನೇ ಸೆಕ್ಷನ್ ನೇರವಾಗಿ ನಿಷೇಧಿಸಿದೆ. ನೇಮಕಾತಿಗೂ ಇದೇ ಸೆಕ್ಷನ್ ಅನ್ವಯ. ಕಾನೂನೇ ಹೆಂಗಸರಿಗೆ ನಿರ್ಬಂಧಿಸಿದ ಕೆಲಸವಲ್ಲದಿದ್ದರೆ ಗೇಟಿನ ಮೇಲೆ "ಗಂಡಸರು ಮಾತ್ರ ಬೇಕಾಗಿದ್ದಾರೆ" ಎಂಬ ಬೋರ್ಡ್ ಹಾಕುವಂತಿಲ್ಲ.

ದಾಖಲೆ ಸರಿಯಾಗಿಡಿ. ರಿಜಿಸ್ಟರ್ ಬೇಕು, ವೇತನ ಚೀಟಿ ಕೈಗೆ ಕೊಡಬೇಕು, ತಿಂಗಳ ಸಂಬಳ ಮುಂದಿನ ತಿಂಗಳ 7ನೇ ದಿನದೊಳಗೆ ಸೇರಬೇಕು. ಸಂಬಳ ಕಡಿಮೆ ಬಂತೆಂದು ಕಾರ್ಮಿಕರು ಅರ್ಜಿ ಹಾಕಿದರೆ, ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲೀಕರದ್ದೇ. ಅರ್ಜಿಗೆ 3 ವರ್ಷ ಕಾಲಾವಕಾಶವಿದೆ. ಬಾಕಿಯ ಮೇಲೆ ಅದರ 10 ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ಇದಲ್ಲದೆ ಕಡಿಮೆ ಕೊಟ್ಟದ್ದಕ್ಕೆ 50,000 ರೂಪಾಯಿವರೆಗೆ ದಂಡ. 5 ವರ್ಷದೊಳಗೆ ಅದೇ ತಪ್ಪಿಗೆ ಮತ್ತೆ ಶಿಕ್ಷೆಯಾದರೆ 3 ತಿಂಗಳವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಥವಾ ಎರಡೂ.