ಲೆಪರ್ಡ್ ಗೆಕೊ ಆರಾಮಾಗಿದೆಯಾ? ಮೊದಲು ಬಾಲ ನೋಡಿ

ಲೆಪರ್ಡ್ ಗೆಕೊ ಅಂದರೆ ಗಾಜಿನ ಟ್ಯಾಂಕಿನಲ್ಲಿ ಸಾಕುವ, ಮೈಮೇಲೆ ಚುಕ್ಕೆಗಳಿರುವ ಹಲ್ಲಿ. ಇದು ಹಗಲೆಲ್ಲಾ ಗೂಡಿನೊಳಗೆ ಬಿದ್ದಿರುತ್ತದೆ, ಮುಸ್ಸಂಜೆಗೆ ಹೊರಗೆ ಬರುತ್ತದೆ. ಅದರ ಸ್ವಭಾವವೇ ಅದು, ಗಾಬರಿ ಬೇಡ. ದಿನಾ ಸಂಜೆ ಬರುತ್ತಿದ್ದದ್ದು ನಾಲ್ಕೈದು ದಿನದಿಂದ ಮುಖವನ್ನೇ ತೋರಿಸಿಲ್ಲ ಅಂದರೆ ಮಾತ್ರ ಯೋಚನೆ ಮಾಡಿ.

ಎಲ್ಲಕ್ಕಿಂತ ಮೊದಲು ಬಾಲ ನೋಡಿ. ಇದು ಕೊಬ್ಬು ಕೂಡಿಡುವುದು ಬಾಲದಲ್ಲೇ, ಹಾಗಾಗಿ ಬಾಲದ ಬುಡ ದಪ್ಪಗಿದ್ದರೆ ಎರಡು ದಿನ ಊಟ ಬಿಟ್ಟರೂ ಪರವಾಗಿಲ್ಲ. ಸೊರಗುತ್ತಾ ಬಂದರೆ ಏನೋ ಕೆಟ್ಟಿದೆ. ಕಣ್ಣಳತೆ ನಂಬಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ.

ಬಾಲ ಆಡಿಸುವುದರಲ್ಲೂ ಎರಡು ಥರ ಇದೆ. ಹುಳು ಕಂಡಾಗ ತುದಿಯನ್ನಷ್ಟೇ ಪಟಪಟ ಅಂತ ನಡುಗಿಸುತ್ತದೆ, ಅದು ಬೇಟೆಯ ಹುರುಪು. ನೀವು ಕೈ ಹಾಕಿದಾಗ ಬಾಲ ಮೇಲೆತ್ತಿ ನಿಧಾನಕ್ಕೆ ಆ ಕಡೆ ಈ ಕಡೆ ಬಳುಕಿಸಿದರೆ ಅದು ಭಯ. ಮುದ್ದು ಮಾಡ್ತಿದೆ ಅಂದುಕೊಂಡು ಹಿಡಿಯಲು ಹೋಗಬೇಡಿ, ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆಯಿರಿ. ಇನ್ನೂ ಕೆಣಕಿದರೆ ಗೋಡೆ ಹಲ್ಲಿಯ ಹಾಗೇ ಬಾಲ ಕಳಚಿ ಬಿಸಾಡುತ್ತದೆ, ಮತ್ತೆ ಬರುವ ಬಾಲ ಮೊದಲಿನ ಹಾಗಿರಲ್ಲ, ಮೋಟಾಗಿ ಬರುತ್ತದೆ.

ಗಾಜಿಗೆ ಎದ್ದು ನಿಂತು ಪರಪರ ಕೆರೆಯುತ್ತಿದೆಯಾ? ಹೊಸದಾಗಿ ತಂದ ಒಂದೆರಡು ವಾರ ಇದು ಮಾಮೂಲು. ಆಮೇಲೂ ನಿಲ್ಲದಿದ್ದರೆ ಟ್ಯಾಂಕ್ ಚಿಕ್ಕದಿರಬಹುದು, ಅಡಗಲು ಜಾಗ ಇಲ್ಲದಿರಬಹುದು, ಅಥವಾ ಶಾಖ ಜಾಸ್ತಿಯಾಗಿರಬಹುದು. ಒಂಟಿಯಾಗಿದೆ ಪಾಪ ಅಂತ ಜೊತೆಗೆ ಇನ್ನೊಂದನ್ನು ಬಿಡುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ ಅಷ್ಟೇ. ಒಂದರ ಮೇಲೊಂದು ಮಲಗಿದರೆ ಅದು ಪ್ರೀತಿಯಲ್ಲ, ಬೆಚ್ಚಗಿನ ಜಾಗಕ್ಕೆ ಪೈಪೋಟಿ.

ಶಾಖದ ವಿಷಯದಲ್ಲೇ ನಮ್ಮ ಚಿಕ್ಕಬಳ್ಳಾಪುರದ ಕಡೆ ಜಾಸ್ತಿ ಎಡವಟ್ಟಾಗುವುದು. ಬೆಚ್ಚಗಿನ ಬದಿಯ ನೆಲ 32 ಡಿಗ್ರಿ ಆಸುಪಾಸು, ತಂಪು ಬದಿ 25ರ ಹತ್ತಿರ ಇರಬೇಕು. ಡಿಸೆಂಬರ್, ಜನವರಿ ರಾತ್ರಿ ಕರೆಂಟ್ ಹೋಗಿ ಹೀಟ್ ಮ್ಯಾಟ್ (ಟ್ಯಾಂಕ್ ಬೆಚ್ಚಗಿಡುವ ಕರೆಂಟಿನ ಹಾಸು) ಆರಿತು ಅಂದರೆ ತಿಂದದ್ದು ಅರಗದೆ ವಾಂತಿ ಮಾಡಬಹುದು. ಗಾಳಿಯಾಡಲು ಸ್ವಲ್ಪ ಸಂದು ಬಿಟ್ಟು ಟ್ಯಾಂಕಿಗೆ ಕಂಬಳಿ ಸುತ್ತಿ. ಏಪ್ರಿಲ್‌ನಲ್ಲಿ ಇದರ ಉಲ್ಟಾ, ಶೀಟ್ ಮನೆಯಲ್ಲಿ ತಂಪು ಬದಿ ಅನ್ನುವುದೇ ಉಳಿಯಲ್ಲ. ಆಗ ಒಳಕೋಣೆಯ ನೆಲದ ಮೇಲಿಡಿ. ಮ್ಯಾಟ್‌ಗೆ ಶಾಖ ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಹೊಟ್ಟೆ ಸುಟ್ಟುಕೊಳ್ಳುತ್ತದೆ, ಅದರಲ್ಲಿ ಜುಗ್ಗತನ ಬೇಡ.

ಮೈ ಬಿಳಚಿಕೊಂಡು ಮಂಕಾದರೆ ಪೊರೆ ಬಿಡುವ ಹೊತ್ತು, ಆಗ ಊಟ ಬಿಡುವುದು ಸಹಜ. ಬಿಟ್ಟ ಪೊರೆಯನ್ನು ತಾನೇ ತಿಂದುಬಿಡುತ್ತದೆ. ಬೆರಳ ತುದಿಯಲ್ಲಿ ಬಿಳಿ ಉಂಗುರದ ಹಾಗೆ ಪೊರೆ ಉಳಿದಿದೆಯಾ ನೋಡಿ. ಹಾಗೇ ಬಿಟ್ಟರೆ ರಕ್ತ ಓಡದೆ ಬೆರಳೇ ಉದುರಿಹೋಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಪಾದ ಮುಳುಗುವಷ್ಟು ನಿಲ್ಲಿಸಿ, ಹತ್ತಿ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಒಣ ಪೊರೆಯನ್ನು ಎಳೆಯಬೇಡಿ.

ತಿನ್ನದ ಹುಳುಗಳನ್ನು ರಾತ್ರಿ ಒಳಗೇ ಬಿಟ್ಟರೆ ಅವೇ ಗೆಕೊವನ್ನು ಕಚ್ಚುತ್ತವೆ. ಶಿಡ್ಲಘಟ್ಟದ ಕಡೆಯವರಿಗೆ ರೇಷ್ಮೆ ಹುಳು ಸುಲಭವಾಗಿ ಸಿಗುತ್ತದೆ, ಒಳ್ಳೆಯ ಆಹಾರವೇ, ಆದರೆ ಸೋಂಕು ಬರದಿರಲಿ ಅಂತ ಪುಡಿ ಉದುರಿಸಿದ ಹುಳು ಬೇಡ. ದ್ರಾಕ್ಷಿ ತೋಟದ ಮಿಡತೆಯಂತೂ ಬೇಡವೇ ಬೇಡ, ಔಷಧಿ ಹೊಡೆದಿರುತ್ತಾರೆ.

ಬಾಲ ಸಣ್ಣಗಾಗುತ್ತಿದೆ, ಊಟವೂ ಇಲ್ಲ, ಕಣ್ಣು ಮುಚ್ಚಿಕೊಂಡೇ ಇದೆ, ಅಥವಾ ಬಾಯಿ ತೆರೆದು ಉಸಿರಾಡುತ್ತಿದೆ ಅಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಇಲ್ಲಿನ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ಹಸು, ಕುರಿ, ಆದ್ದರಿಂದ ಹಲ್ಲಿ, ಆಮೆ ನೋಡುವವರನ್ನು ಬೆಂಗಳೂರಿನಲ್ಲಿ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಗೆ ಟಿಶ್ಯೂ ಹಾಸಿ ಒಯ್ಯಿರಿ. ಜೊತೆಗೆ ಅವತ್ತಿನ ಹಿಕ್ಕೆಯನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಕೊಳ್ಳಿ, ಹೊಟ್ಟೆಹುಳು ಇದೆಯಾ ಅಂತ ನೋಡಲು ಅದು ಬೇಕಾಗುತ್ತದೆ.